ಲೆಕ್ಕಕ್ಕೆ ಸಿಗದ ದೈತ್ಯರು

“ತಾತ, ನೀವೇ ಹೇಳಿ. ಸೂ ದೊಡ್ಡವನೋ, ಸೆಲ್ಮನ್ ದೊಡ್ಡವನೋ?”

ಸಾರನ್ನದ ತಟ್ಟೆಯ ಮುಂದೆ ಕೂತಿದ್ದ ನನಗೆ ಆ ಇಬ್ಬರಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬರೋಣವೆಂದು ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ಊರಿಗೆ ಹೋಗಿದ್ದೆ. ಅಲ್ಲಿ ಶನಿವಾರ ವಿಶ್ವವಿದ್ಯಾಲಯದ ತಂಡದ ಫುಟ್‌ಬಾಲ್ ಪಂದ್ಯವಿದ್ದರೆ ನಮ್ಮೂರ ತೇರಿನ ದಿನವೇ ಸರಿ. ಬೀದಿಗೆ ಬೀದಿಯೇ ಕೆಂಪು ಅಂಗಿ ತೊಟ್ಟು ಹೊರಡುತ್ತದೆ. 1962ರಿಂದ ಈಚೆಗೆ ಆ ಮೈದಾನದಲ್ಲಿ ಒಂದು ಪಂದ್ಯಕ್ಕೂ ಟಿಕೆಟ್ ಮಿಕ್ಕಿಲ್ಲವೆಂದು ಅಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಎಂಟನೇ ಕ್ಲಾಸಿನ ಮೊಮ್ಮಗ ಹುಟ್ಟಿದ್ದು ಅಲ್ಲೇ, ಹಾಗಾಗಿ ಅವನು ನೆಬ್ರಾಸ್ಕದ ಸೂ ಕಡೆ. ಮಗ ಓದಿದ್ದು ಒಕ್ಲಹೋಮದಲ್ಲಿ, ಅವನು ಸೆಲ್ಮನ್ ಕಡೆ. ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನವರೊಬ್ಬರಿದ್ದರು. ಅವರನ್ನು ಕೇಳಿದರೆ ಇಬ್ಬರೂ ಅಲ್ಲ, ರಿಚ್ ಗ್ಲೋವರ್ ಎಂದುಬಿಟ್ಟರು! ನಾನು ಬ್ಯಾಂಕಿನಲ್ಲಿದ್ದವನಾದ್ದರಿಂದ ಲೆಕ್ಕ ನೋಡಿ ತೀರ್ಪು ಕೊಡಬೇಕೆಂದು ಮೂವರೂ ಒಪ್ಪಿದರು.

ಮಕ್ಕಳೇ, ಈ ಫುಟ್‌ಬಾಲ್ ನಾವು ಕಾಲಲ್ಲಿ ಒದೆಯುವ ಆಟವಲ್ಲ. ಚೆಂಡು ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದುದ್ದ. ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡ ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದಕ್ಕೆ ಹೋಗಬೇಕು. ಅದನ್ನು ತಡೆಯುವ ತಂಡದ ಮುಂದಿನ ಸಾಲಿನಲ್ಲಿ ಮೂರೋ ನಾಲ್ಕೋ ಭಾರೀ ಆಳುಗಳು ನೆಲಕ್ಕೆ ಕೈಯೂರಿ ಕೂರುತ್ತಾರೆ. ಇವರೇ ಡಿಫೆನ್ಸಿವ್ ಲೈನಿನವರು. ಚೆಂಡು ಕದಲಿದೊಡನೆ ಎದುರಿನ ಐದು ಜನರ ಗೋಡೆಯನ್ನು ಸೀಳಿಕೊಂಡು ನುಗ್ಗಬೇಕು. ಚೆಂಡು ಎಸೆಯುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಅವನು ಎಸೆಯುವುದರೊಳಗೆ ಅವನನ್ನು ಹಿಂದೆಯೇ ಕೆಡವಿಬಿಟ್ಟರೆ ಅದು ‘ಸ್ಯಾಕ್’. ಇಬ್ಬರು ಸೇರಿ ಕೆಡವಿದರೆ ಒಬ್ಬೊಬ್ಬರಿಗೆ ಅರ್ಧರ್ಧ, ನಮ್ಮ ಜಂಟಿ ಖಾತೆಯ ಹಾಗೆ.

ಇಷ್ಟು ನನಗೆ ಹೇಳಿಕೊಟ್ಟವನು ಮೊಮ್ಮಗನೇ. ಶಾಲೆಯ ತಂಡದಲ್ಲಿ ಅವನ ಜಾಗವೂ ಆ ಸಾಲಿನ ನಡುವೆ. ಆದರೆ ಹುಡುಗನ ಮುಖ ಆ ವಾರ ಸಪ್ಪಗಿತ್ತು. ತಂಡ ಗೆದ್ದಿತ್ತು, ಮೈಕಿನಲ್ಲಿ ಇವನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಮುಂದಿನ ವರ್ಷ ಹೈಸ್ಕೂಲಿಗೆ ಹೋದಮೇಲೆ ಆಡುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿದ್ದನಂತೆ. ಅದನ್ನು ಸೊಸೆ ನನಗೆ ಮೆಲ್ಲಗೆ ತಿಳಿಸಿದ್ದಳು.

ಸರಿ, ಸೂ ವಿಚಾರಕ್ಕೆ ಬರೋಣ. ಪೂರ್ತಿ ಹೆಸರು ಎನ್‌ಡಮುಕಾಂಗ್ ಸೂ. ತಂದೆ ಆಫ್ರಿಕದ ಕ್ಯಾಮರೂನಿನವರು, ತಾಯಿ ಜಮೈಕದವರು. ಆ ಹೆಸರಿಗೆ ಅವರ ಭಾಷೆಯಲ್ಲಿ ‘ಈಟಿಗಳ ಮನೆ’ ಎಂದು ಅರ್ಥ. 2009ರ ಡಿಸೆಂಬರ್ 5ರಂದು ಟೆಕ್ಸಸ್ ವಿರುದ್ಧದ ಫೈನಲ್ ಪಂದ್ಯದಲ್ಲಿ ಈತ ಒಬ್ಬನೇ ನಾಲ್ಕೂವರೆ ಸ್ಯಾಕ್ ಮಾಡಿದ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಕೋಲ್ಟ್ ಮೆಕಾಯ್ ಅಂದು ಕಣ್ಣೆತ್ತಿದ ಕಡೆಯೆಲ್ಲ ಈತನೇ. ಮೊಮ್ಮಗ ಆ ಪಂದ್ಯವನ್ನು ಫೋನಿನಲ್ಲಿ ಹಾಕಿ ತೋರಿಸಿದ. ಹಿಡಿದುಕೊಂಡ ಇಬ್ಬರನ್ನು ಬಟ್ಟೆ ಕೊಡವಿದಂತೆ ಕೊಡವಿ ಬರುವುದನ್ನು ನೋಡಿ ನನಗೂ ಮೈ ಜುಮ್ಮೆಂದಿತು.

ಕೊನೆಗೆ ಏನಾಯಿತು? ನೆಬ್ರಾಸ್ಕ 12, ಟೆಕ್ಸಸ್ 10. ಗಡಿಯಾರ ಸೊನ್ನೆಗೆ ಬಂತು, ಕೆಂಪು ಅಂಗಿಯವರು ಕುಣಿಯತೊಡಗಿದರು. ಅಂಪೈರುಗಳು ಮತ್ತೆ ಪರಿಶೀಲಿಸಿ ಇನ್ನೂ ಒಂದು ಸೆಕೆಂಡು ಬಾಕಿ ಇದೆ ಎಂದರು. ಆ ಒಂದು ಸೆಕೆಂಡಿನಲ್ಲಿ ಟೆಕ್ಸಸ್ 46 ಗಜದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು 13-12ರಿಂದ ಗೆದ್ದುಬಿಟ್ಟಿತು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯಲ್ಲೂ ಸೂ ನಾಲ್ಕನೆಯವನಾದ. 1935ರಿಂದ ಕೊಡುತ್ತಿರುವ ಈ ಟ್ರೋಫಿ, ಬರೀ ತಡೆಯುವ ಸಾಲಿನಲ್ಲಿ ಆಡಿದ ಒಬ್ಬನಿಗೂ ಇದುವರೆಗೆ ಸಿಕ್ಕಿಲ್ಲ. 1980ರಲ್ಲಿ ಪಿಟ್ಸ್‌ಬರ್ಗಿನ ಹ್ಯೂ ಗ್ರೀನ್, 2021ರಲ್ಲಿ ಮಿಷಿಗನ್ನಿನ ಏಡನ್ ಹಚಿನ್‌ಸನ್ ಎರಡನೇ ಸ್ಥಾನದವರೆಗೆ ಬಂದರು, ಅಷ್ಟೇ. ಓಡುವವನಿಗೆ, ಎಸೆಯುವವನಿಗೆ ಹಾರ. ಗೋಡೆ ಒಡೆಯುವವನಿಗೆ ಬೆನ್ನುನೋವು!

ಪಕ್ಕದ ಮನೆಯವರ ಗ್ಲೋವರ್ ಕಥೆಯೂ ಇಂಥದ್ದೇ. 1971ರ ನವೆಂಬರ್ 25ರಂದು ನೆಬ್ರಾಸ್ಕ ಮತ್ತು ಒಕ್ಲಹೋಮ ನಡುವೆ ಶತಮಾನದ ಪಂದ್ಯವೆಂದು ಹೆಸರಾದ ಆಟ ನಡೆಯಿತು. ನೆಬ್ರಾಸ್ಕ 35-31ರಿಂದ ಗೆದ್ದಿತು. ಇಂದಿನ ಲೆಕ್ಕದಲ್ಲಿ ಸಣ್ಣಾಳೇ ಆದ ಗ್ಲೋವರ್ ಅಂದು 22 ಬಾರಿ ಎದುರಾಳಿಗಳನ್ನು ಕೆಡವಿದ. ಆದರೆ ಆ ಪಂದ್ಯವೆಂದರೆ ಎಲ್ಲರ ನೆನಪಿಗೆ ಬರುವುದು ಜಾನಿ ರಾಡ್ಜರ್ಸ್ ಚೆಂಡು ಹಿಡಿದು ಓಡಿದ ಓಟ. ಮರುವರ್ಷದ ಹೈಸ್‌ಮನ್ ಹೋದದ್ದೂ ರಾಡ್ಜರ್ಸ್‌ಗೇ. ಗ್ಲೋವರ್‌ಗೆ ಮೂರನೇ ಸ್ಥಾನ. “ಆ ಓಟ ನನಗೂ ನೆನಪಿದೆ, ಆದರೆ ನಾನು ನೋಡುತ್ತಿದ್ದದ್ದು ಗ್ಲೋವರ್‌ನನ್ನು” ಎಂದು ಅವರು ಬೇಲಿಯಾಚೆಯಿಂದ ಕಾಫಿ ಲೋಟ ಎತ್ತಿ ಹೇಳಿದರು.

ಮಗನ ಸೆಲ್ಮನ್ ವಿಷಯ ಕೇಳಿ ನನಗೆ ಬಹಳ ಖುಷಿಯಾಯಿತು. ಒಬ್ಬನಲ್ಲ, ಮೂವರು ಅಣ್ಣತಮ್ಮಂದಿರು. ಲೂಷಸ್, ಡ್ಯೂಯಿ, ಲೀ ರಾಯ್. ಒಕ್ಲಹೋಮದ ಯೂಫಾಲ ಎಂಬ ಊರಿನ ರೈತರ ಮಕ್ಕಳು. ಒಂಬತ್ತು ಮಕ್ಕಳಲ್ಲಿ ಲೀ ರಾಯ್ ಕಡೆಯವನು. 1973ರಲ್ಲಿ ಮೂವರೂ ಒಂದೇ ತಂಡದ ಒಂದೇ ಸಾಲಿನಲ್ಲಿ ಕೈಯೂರಿ ಕೂತರು. ಎದುರಾಳಿಗಳ ಪಾಡು ಏನಾಗಿರಬೇಕು! ಲೀ ರಾಯ್ 1975ರಲ್ಲಿ ಔಟ್‌ಲ್ಯಾಂಡ್, ಲೊಂಬಾರ್ಡಿ ಪ್ರಶಸ್ತಿಗಳೆರಡನ್ನೂ ಗೆದ್ದ. ಮುಂದೆ ವೃತ್ತಿಪರನಾಗಿ ಆಡಿದ ಟ್ಯಾಂಪ ನಗರದಲ್ಲಿ ಒಂದು ಹೆದ್ದಾರಿಗೇ ಅವನ ಹೆಸರಿದೆ. ನಾನಾದರೆ ಆ ಹೆದ್ದಾರಿಗೆ ಅವರ ಅಮ್ಮನ ಹೆಸರಿಡುತ್ತಿದ್ದೆ. ಮೂರು ಅಂಥ ಆಳುಗಳಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕಿದ್ದು ಯಾರ ಲೆಕ್ಕದಲ್ಲಿದೆ?

ಇನ್ನು ತೀರ್ಪು ಕೊಡಬೇಕಲ್ಲ. ಯಾರು ಎಷ್ಟು ಸ್ಯಾಕ್ ಮಾಡಿದರು ಎಂದು ಪಟ್ಟಿ ಹಾಕಿದರಾಯಿತು ಎಂದುಕೊಂಡೆ. ಪಟ್ಟಿಯ ತಲೆಯಲ್ಲಿ ಅರಿಜೋನ ಸ್ಟೇಟ್‌ನ ಟೆರೆಲ್ ಸಗ್ಸ್ ಇದ್ದ. 2002ರ ಒಂದೇ ಹಂಗಾಮಿನಲ್ಲಿ 24 ಸ್ಯಾಕ್. ಅವನ ಹಿಂದೆ ಮುಂದೆ ಇದ್ದವರೂ ಈಚಿನವರೇ. ಹಳಬರು ಒಬ್ಬರೂ ಇಲ್ಲ! ಆಮೇಲೆ ತಿಳಿಯಿತು, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಒಬ್ಬೊಬ್ಬರ ಸ್ಯಾಕ್‌ಗಳನ್ನು ಅಧಿಕೃತವಾಗಿ ಬರೆದಿಡಲು ಶುರುಮಾಡಿದ್ದೇ 2000ದಲ್ಲಿ. ಕಾಲೇಜು ಫುಟ್‌ಬಾಲ್ ಆರಂಭವಾದದ್ದು 1869ರಲ್ಲಿ. ನೂರಮೂವತ್ತು ವರ್ಷದ ಲೆಡ್ಜರ್ ಖಾಲಿ. 1988ರಲ್ಲಿ ಅಲಬಾಮದ ಡೆರಿಕ್ ಥಾಮಸ್ 27 ಸ್ಯಾಕ್ ಮಾಡಿದ್ದನ್ನು ಅವನ ಕಾಲೇಜು ಬರೆದಿಟ್ಟಿದೆ, ಆದರೆ ಅಧಿಕೃತ ದಾಖಲೆ 24ರದ್ದೇ. ಇಂಥ ಪುಸ್ತಕಕ್ಕೆ ನಾನು ಸಹಿ ಹಾಕುವುದು ಹೇಗೆ?

ಪುಸ್ತಕ ಹುಡುಕುವಾಗಲೇ ಬಬ್ಬಾ ಸ್ಮಿತ್ ಸಿಕ್ಕಿದ. 6 ಅಡಿ 7 ಅಂಗುಲದ ಆಳು. ಟೆಕ್ಸಸ್ ರಾಜ್ಯದ ಬೋಮಾಂಟ್ ಊರಿನವನು, ತಂದೆಯೇ ಶಾಲಾ ತಂಡದ ಕೋಚ್. ಆದರೆ ಬಬ್ಬಾ ಕಪ್ಪು ಜನಾಂಗದವನು. 1960ರ ದಶಕದ ಆರಂಭದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ಹುಡುಗರಿಗೆ ಜಾಗವಿರಲಿಲ್ಲ. 1969ರಲ್ಲಿ ಚಾಂಪಿಯನ್ ಆದ ಅವರ ತಂಡದಲ್ಲೂ ಎಲ್ಲರೂ ಬಿಳಿಯರೇ. ಮನೆಬಾಗಿಲ ಮೈದಾನ ಬಿಟ್ಟು ಬಬ್ಬಾ ದೂರದ ಉತ್ತರಕ್ಕೆ, ಚಳಿಯ ಮಿಷಿಗನ್ ಸ್ಟೇಟ್‌ಗೆ ಹೋಗಬೇಕಾಯಿತು. 1966ರ ನವೆಂಬರ್ 19ರಂದು ನೋಟ್ರ ಡೇಮ್ ತಂಡದ ಎದುರು ಆಡುವಾಗ ಅವನ ಪೆಟ್ಟಿಗೆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಟೆರಿ ಹ್ಯಾನ್‌ರಟಿಯ ಭುಜವೇ ಜರುಗಿ, ಆತ ಹೊರಗೆ ಕೂತ. ಪಂದ್ಯ 10-10ರ ಸಮ. ಮರುವರ್ಷ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವಾಗ ದೇಶಕ್ಕೇ ಮೊದಲನೆಯವನಾಗಿ ಆಯ್ಕೆಯಾದವನು ಬಬ್ಬಾ.

ಅದೇ ಪಂದ್ಯದಲ್ಲಿ ನೋಟ್ರ ಡೇಮ್ ಕಡೆಯ ಸಾಲಿನಲ್ಲಿ ಕೂತಿದ್ದವನು ಆಲನ್ ಪೇಜ್. ಆತ ವೃತ್ತಿಪರ ಆಟ ಆಡುತ್ತಲೇ ಕಾನೂನು ಓದಿ, 1993ರಿಂದ 2015ರವರೆಗೆ ಮಿನಸೋಟ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ಬಬ್ಬಾ ‘ಪೊಲೀಸ್ ಅಕಾಡೆಮಿ’ ಸಿನಿಮಾಗಳಲ್ಲಿ ನಗಿಸಿದ. ಒಂದು ಮೈದಾನ, ಎರಡು ದಾರಿ.

ನನ್ನ ಮತ ಬಬ್ಬಾನಿಗೆ ಎಂದೆ. ಮೊಮ್ಮಗನಿಗೆ ಒಪ್ಪಿಗೆಯಾಗಲಿಲ್ಲ. “ಅವನ ಸ್ಯಾಕ್ ಎಷ್ಟು ಅಂತ ಎಲ್ಲಿ ಬರೆದಿದ್ದಾರೆ ತಾತ?” ಎಂದ. ಬಬ್ಬಾನನ್ನು ತಡೆಯಲು ಇಬ್ಬರನ್ನೋ ಮೂವರನ್ನೋ ಇಡಬೇಕಾಗುತ್ತಿತ್ತು, ಆಗ ಅವನ ಪಕ್ಕದವನಿಗೆ ದಾರಿ ಸಲೀಸು, ಹೆಸರು ಬರುವುದು ಆ ಪಕ್ಕದವನಿಗೆ ಎಂದು ವಿವರಿಸಿದೆ. ಹುಡುಗ ಸುಮ್ಮನೆ ಮಜ್ಜಿಗೆ ಕಲಸಿದ.

ಗುರುವಾರ ಸಂಜೆ ಅವನ ಶಾಲೆಯ ಪಂದ್ಯಕ್ಕೆ ಹೋದೆ. ಕೈಯಲ್ಲೊಂದು ಹಳೆಯ ಲಕೋಟೆ, ಪೆನ್ಸಿಲು. ಚೆಂಡು ಎಲ್ಲಿಗಾದರೂ ಹೋಗಲಿ ಎಂದು ಅವನನ್ನೊಬ್ಬನನ್ನೇ ನೋಡುತ್ತ ಕೂತೆ. ಅವನಿಗೆ ಎದುರಾಗಿ ಒಬ್ಬ ಬಂದರೆ ಒಂದು ಗೀಟು, ಇಬ್ಬರು ಬಂದರೆ ಗೀಟಿಗೆ ಒಂದು ಸುತ್ತು. ಅಂದೂ ಮೈಕಿನಲ್ಲಿ ಅವನ ಹೆಸರು ಬರಲಿಲ್ಲ. ಎರಡು ಸಲ ಕೂಗಿದ್ದು ಅವನ ಪಕ್ಕದಲ್ಲಿ ಕೂರುವ ಹುಡುಗನ ಹೆಸರನ್ನು.

ಕಾರಿನಲ್ಲಿ ಲಕೋಟೆ ಕೊಟ್ಟೆ. 31 ಗೀಟು, 17ಕ್ಕೆ ಸುತ್ತು. ಬೆರಳಿಟ್ಟು ಮೊದಲಿಂದ ಎಣಿಸಿದ. ಸಂಶಯ ಬಂದು ಇನ್ನೊಮ್ಮೆ ಎಣಿಸಿದ.

“ಆದರೂ ಸೂನೇ ದೊಡ್ಡವನು ತಾತ” ಎಂದ. ಸ್ವಲ್ಪ ದೂರ ಹೋದಮೇಲೆ, “ಮುಂದಿನ ಗುರುವಾರ ಬರ್ತೀರಲ್ಲ? ಪಕ್ಕದವನದ್ದೂ ಬರೀರಿ” ಎಂದು ಲಕೋಟೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡ.