ಮುಂಬಯಿಯ ಚಿತ್ರಮಂದಿರಗಳು: ಲಾಭದ ಲೆಕ್ಕ ಮತ್ತು ನೆಲದ ಬೆಲೆ

ನಮ್ಮ ಮಧ್ಯಕಾಲೀನ ಶಾಸನಗಳಲ್ಲಿ ‘ಅಂಗಭೋಗ, ರಂಗಭೋಗ’ ಎಂಬ ಜೋಡಿಪದ ಮೇಲಿಂದ ಮೇಲೆ ಬರುತ್ತದೆ. ದೇವರ ಪೂಜೆ, ಅಲಂಕಾರಗಳ ವೆಚ್ಚ ಅಂಗಭೋಗ. ಗುಡಿಯಲ್ಲಿ ನಡೆಯುವ ಗೀತ, ವಾದ್ಯ, ನೃತ್ಯಗಳ ವೆಚ್ಚ ರಂಗಭೋಗ. ಇವುಗಳಿಗಾಗಿ ಗದ್ದೆ, ತೋಟಗಳನ್ನು ದತ್ತಿ ಬಿಡುವುದು ರೂಢಿಯಾಗಿತ್ತು. ನೆಲದ ಉತ್ಪನ್ನ ರಂಗವನ್ನು ಸಾಕುತ್ತಿತ್ತು. ಇಂದಿನ ಮುಂಬಯಿಯಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ನೆಲದ ಬೆಲೆಯೇ ರಂಗವನ್ನು ನುಂಗತೊಡಗಿದೆ. ಚಿತ್ರಮಂದಿರಗಳ ಭವಿಷ್ಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪ್ರೇಕ್ಷಕರ ಅಭಿರುಚಿಯ ಸುತ್ತಲೇ ಸುಳಿಯುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಅದರ ಹಿಂದಿರುವ ಆರ್ಥಿಕ ಕಾರಣಗಳನ್ನು ಪರಿಶೀಲಿಸುತ್ತೇವೆ.

ಭಾರತದ ಸಿನಿಮಾ ಇತಿಹಾಸ ಆರಂಭವಾಗುವುದೇ ಈ ನಗರದಲ್ಲಿ. 1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸೋದರರ ಚಿತ್ರಗಳ ಪ್ರದರ್ಶನವಾಯಿತು. 1913ರಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಗಿರಗಾಂವದ ಕಾರೊನೇಷನ್‌ನಲ್ಲಿಯೂ, 1931ರಲ್ಲಿ ಮೊದಲ ವಾಕ್ಚಿತ್ರ ‘ಆಲಂ ಆರಾ’ ಮೆಜೆಸ್ಟಿಕ್‌ನಲ್ಲಿಯೂ ತೆರೆಕಂಡವು. ರೀಗಲ್ 1933ರಲ್ಲಿ, ಇರೋಸ್ ಮತ್ತು ಮೆಟ್ರೊ 1938ರಲ್ಲಿ, ಲಿಬರ್ಟಿ 1949ರಲ್ಲಿ ತೆರೆದವು. ಮೆಟ್ರೊವನ್ನು ಕಟ್ಟಿಸಿದ್ದು ಅಮೆರಿಕದ ಎಂಜಿಎಂ ಸಂಸ್ಥೆ ಎಂಬುದು ಗಮನಾರ್ಹ. ಚಿತ್ರ ತಯಾರಿಸುವವರೇ ಮಂದಿರವನ್ನೂ ಹೊಂದಿರುತ್ತಿದ್ದ ಕಾಲವದು. ಅಮೆರಿಕದಲ್ಲಿ 1948ರ ಸುಪ್ರೀಂ ಕೋರ್ಟ್ ತೀರ್ಪು ಈ ಒಡೆತನಕ್ಕೆ ತಡೆಹಾಕಿತು.

ನಮ್ಮಲ್ಲಿ ಸ್ಟುಡಿಯೋಗಳ ಅವನತಿಗೆ ಕಾರಣ ಬೇರೆ. 1934ರಲ್ಲಿ ಮಲಾಡದಲ್ಲಿ ಸ್ಥಾಪಿತವಾದ ಬಾಂಬೆ ಟಾಕೀಸ್ ನಟರಿಗೂ ತಂತ್ರಜ್ಞರಿಗೂ ತಿಂಗಳ ಸಂಬಳ ಕೊಡುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಳಸಂತೆಯ ಹಣ ಚಿತ್ರರಂಗಕ್ಕೆ ನುಗ್ಗಿತು. ಸ್ವತಂತ್ರ ನಿರ್ಮಾಪಕರು ತಾರೆಯರಿಗೆ ಚಿತ್ರವೊಂದಕ್ಕೆ ಇಷ್ಟೆಂದು ದೊಡ್ಡ ಮೊತ್ತ ಕೊಡಲಾರಂಭಿಸಿದರು. ಸಂಬಳದ ಪದ್ಧತಿ ಕುಸಿಯಿತು. 1954ರ ಹೊತ್ತಿಗೆ ಬಾಂಬೆ ಟಾಕೀಸ್ ಮುಚ್ಚಿತು. ಸ್ಟುಡಿಯೋ ಎಂಬುದು ಚಿತ್ರ ತಯಾರಿಸುವ ಸಂಸ್ಥೆಯಾಗಿ ಉಳಿಯದೆ ಬಾಡಿಗೆಗೆ ದೊರೆಯುವ ಅಂಗಳವಾಯಿತು. ಅಂಗಳದ ಬಾಡಿಗೆ ನೆಲದ ಬೆಲೆಯೊಡನೆ ಪೈಪೋಟಿ ನಡೆಸುವುದು ಕಷ್ಟ. 1948ರಲ್ಲಿ ಚೆಂಬೂರಿನಲ್ಲಿ ಆರಂಭವಾದ ಆರ್.ಕೆ. ಸ್ಟುಡಿಯೋ 2017ರ ಬೆಂಕಿಯಲ್ಲಿ ಹಾನಿಗೀಡಾಗಿ, 2019ರ ವೇಳೆಗೆ ಗೃಹನಿರ್ಮಾಣ ಸಂಸ್ಥೆಯೊಂದರ ವಶವಾಯಿತು. ಗೋರೆಗಾಂವದ ಫಿಲ್ಮಿಸ್ತಾನ್ 2025ರಲ್ಲಿ 183 ಕೋಟಿ ರೂಪಾಯಿಗಳಿಗೆ ಮಾರಾಟವಾಯಿತು.

ಇನ್ನು ಟಿಕೆಟಿನ ಲೆಕ್ಕಕ್ಕೆ ಬರೋಣ. ಟಿಕೆಟಿನ ಮೂಲಬೆಲೆ 200 ರೂಪಾಯಿ ಎಂದಿಟ್ಟುಕೊಂಡರೆ ಶೇಕಡಾ 18ರ ಜಿಎಸ್‌ಟಿ ಸೇರಿ ಪ್ರೇಕ್ಷಕ ತೆರುವುದು 236 ರೂಪಾಯಿ. ನೂರು ರೂಪಾಯಿಯವರೆಗಿನ ಟಿಕೆಟಿಗೆ 2025ರ ಸೆಪ್ಟೆಂಬರಿನಿಂದ ತೆರಿಗೆ ಶೇಕಡಾ 5ಕ್ಕೆ ಇಳಿದಿದೆಯಾದರೂ ಮುಂಬಯಿಯ ಮಲ್ಟಿಪ್ಲೆಕ್ಸುಗಳಲ್ಲಿ ಆ ದರ ಅಪರೂಪ. ತೆರಿಗೆ ಕಳೆದ ಹಣ ಪ್ರದರ್ಶಕ ಮತ್ತು ವಿತರಕರ ನಡುವೆ ಹಂಚಿಕೆಯಾಗುತ್ತದೆ. 2009ರಲ್ಲಿ ನಿರ್ಮಾಪಕರು ಎರಡು ತಿಂಗಳ ಕಾಲ ಮಲ್ಟಿಪ್ಲೆಕ್ಸುಗಳಿಗೆ ಹೊಸ ಹಿಂದಿ ಚಿತ್ರ ಕೊಡದೆ ಮುಷ್ಕರ ಹೂಡಿದರು. ಆಗಿನ ಒಪ್ಪಂದದಂತೆ ವಿತರಕನ ಪಾಲು ಮೊದಲ ವಾರ ಶೇಕಡಾ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಅನಂತರ 30. ಚಿತ್ರ ಓಡಿದಷ್ಟೂ ಮಂದಿರಕ್ಕೆ ಹೆಚ್ಚು ಲಾಭ. ನಿರ್ಮಾಪಕನಿಗೋ ಮೊದಲ ವಾರವೇ ಸರ್ವಸ್ವ. ಇಬ್ಬರ ಹಿತವೂ ಒಂದೇ ದಿಕ್ಕಿನಲ್ಲಿಲ್ಲ.

ಈ ಹಂಚಿಕೆಯನ್ನು ಮರೆತವರಿಗೆ ‘ನೂರು ಕೋಟಿ’ ಎಂಬ ಮಾತು ಭ್ರಮೆ ಹುಟ್ಟಿಸುತ್ತದೆ. ವಿತರಕನಿಗೆ ಸರಾಸರಿ ಶೇಕಡಾ 45 ಸಿಕ್ಕಿತೆಂದು ಭಾವಿಸಿದರೆ, ತೆರಿಗೆ ಕಳೆದು ನೂರು ಕೋಟಿ ಗಳಿಸಿದ ಚಿತ್ರದಿಂದ ಅವನಿಗೆ ಬರುವುದು 45 ಕೋಟಿ. ತಯಾರಿಕೆ, ಪ್ರಚಾರಗಳಿಗೆ 50 ಕೋಟಿ ಸುರಿದಿದ್ದರೆ ಮಂದಿರದ ಆದಾಯವೊಂದರಿಂದಲೇ ಅಸಲು ಹುಟ್ಟದು. ಉಳಿದ ಹಣಕ್ಕಾಗಿ ಅವನು ಟಿವಿ, ಸಂಗೀತ, ಒಟಿಟಿ ಹಕ್ಕುಗಳನ್ನು ನಂಬಬೇಕು. ಆದರೆ ಮನೆಯಲ್ಲಿಯೇ ಚಿತ್ರ ಬೇಗ ದೊರೆಯುವುದಾದರೆ ಪ್ರೇಕ್ಷಕ ಮಂದಿರಕ್ಕೆ ಬರುವುದಿಲ್ಲ. ಆದ್ದರಿಂದಲೇ 2022ರ ಆಗಸ್ಟಿನಿಂದ ಹಿಂದಿ ಚಿತ್ರಗಳಿಗೆ ಎಂಟು ವಾರಗಳ ಅಂತರ ಗೊತ್ತಾಯಿತು. ಎಂಟು ವಾರ ಕಾಯಲು ಸಿದ್ಧನಾದವನ ಪಾಲಿಗೆ ಟಿಕೆಟು ಅನವಶ್ಯಕ ಎಂಬುದೂ ಅಷ್ಟೇ ನಿಜ.

ಮಂದಿರದ ಲೆಕ್ಕವೂ ಬದಲಾಗಿದೆ. ಮಲ್ಟಿಪ್ಲೆಕ್ಸಿನ ಆದಾಯದಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ತಿಂಡಿ, ಪಾನೀಯಗಳದು. ಇದರಲ್ಲಿ ವಿತರಕನಿಗೆ ಪಾಲಿಲ್ಲ. ಪಾಪ್‌ಕಾರ್ನಿನ ಬೆಲೆ ಕೆಲವೊಮ್ಮೆ ಟಿಕೆಟನ್ನೂ ಮೀರುವುದಕ್ಕೆ ಇದೇ ಕಾರಣ. ಸಾವಿರಕ್ಕೂ ಹೆಚ್ಚು ಆಸನಗಳಿದ್ದ ಇರೋಸ್ 2017ರಲ್ಲಿ ಮುಚ್ಚಿ, 2024ರಲ್ಲಿ ಸುಮಾರು ಮುನ್ನೂರು ಆಸನಗಳ ಐಮ್ಯಾಕ್ಸ್ ಆಗಿ ಮರಳಿತು. ಕಟ್ಟಡದ ಉಳಿದ ಭಾಗ ಮಳಿಗೆಯಾಯಿತು. ಇದೇ ಬಹುಶಃ ಬರಲಿರುವ ಮಾದರಿ: ಆಸನ ಕಡಿಮೆ, ದರ ಹೆಚ್ಚು. ಇದಕ್ಕೆ ಪ್ರತಿಯಾಗಿ ಮುಂಬಯಿ ಸೆಂಟ್ರಲ್ ಬಳಿಯ ಮರಾಠಾ ಮಂದಿರದಲ್ಲಿ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’ 2025ರ ಅಕ್ಟೋಬರಿಗೆ ಮೂವತ್ತು ವರ್ಷ ಪೂರೈಸಿತು. ಕಡಿಮೆ ದರದ ಟಿಕೆಟಿಗೂ ಪ್ರೇಕ್ಷಕರಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅಂಥ ಮಂದಿರಗಳು ಬೆರಳೆಣಿಕೆಯಷ್ಟು ಮಾತ್ರ.

ಕನ್ನಡಿಗರಿಗೆ ಇದು ಪರರ ಮನೆಯ ಮಾತಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಸಿದ್ಧವಾದುದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಮಾಟುಂಗದ ಅರೋರಾ ಮಂದಿರ ದಕ್ಷಿಣದ ಭಾಷೆಗಳ ಚಿತ್ರಗಳಿಗೆ ಹೆಸರಾಗಿತ್ತು. ‘ಕೆ.ಜಿ.ಎಫ್. ಚಾಪ್ಟರ್ 2’ ಮತ್ತು ‘ಕಾಂತಾರ’ ಚಿತ್ರಗಳು 2022ರಲ್ಲಿ ಮುಂಬಯಿಯ ಮಲ್ಟಿಪ್ಲೆಕ್ಸುಗಳನ್ನು ಹಿಂದಿ ರೂಪದಲ್ಲಿ ತುಂಬಿದವು. ಆದರೆ ಡಬ್ ಆದ ಚಿತ್ರದ ಯಶಸ್ಸು ಭಾಷೆಯ ಯಶಸ್ಸಲ್ಲ. ಪ್ರತಿ ಆಸನವೂ ದುಬಾರಿಯಾದಷ್ಟು ಅಲ್ಪಸಂಖ್ಯಾತ ಭಾಷೆಯ ಚಿತ್ರಕ್ಕೆ ಸಿಗುವುದು ಅನನುಕೂಲದ ವೇಳೆಯ ಒಂದೆರಡು ಆಟ. ಡೊಂಬಿವಲಿಯಲ್ಲಿ ದುಡಿಯುವ ಕನ್ನಡಿಗ ಕುಟುಂಬವೊಂದು ತನ್ನ ಭಾಷೆಯನ್ನು ದೊಡ್ಡ ತೆರೆಯ ಮೇಲೆ ಕೇಳುವ ಅವಕಾಶ ಈ ಲೆಕ್ಕದ ಕೊನೆಯ ಸಾಲಿನಲ್ಲಿದೆ.

ಚಿತ್ರಮಂದಿರ ಪೂರ್ಣವಾಗಿ ಅಳಿಯುತ್ತದೆಂದು ನಾವು ಭಾವಿಸುವುದಿಲ್ಲ. ದೂರದರ್ಶನ ಬಂದಾಗಲೂ, ವಿಡಿಯೋ ಬಂದಾಗಲೂ ಈ ಭವಿಷ್ಯ ನುಡಿದವರಿದ್ದರು. ಆದರೆ ಅದು ಯಾರಿಗಾಗಿ ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅಗ್ಗದ ಟಿಕೆಟಿಗೆ ದೊರೆತ ತೆರಿಗೆ ರಿಯಾಯಿತಿ ಸಾರ್ಥಕವಾಗಬೇಕಾದರೆ ಆ ದರಕ್ಕೆ ನಡೆಯಬಲ್ಲ ಮಂದಿರಗಳು ಉಪನಗರಗಳಲ್ಲಿ ಇರಬೇಕು. ಅದಕ್ಕೆ ನೆಲವನ್ನು ಉಳಿಸಿಕೊಡುವ ನಗರಯೋಜನೆ ಬೇಕು. ಅದಿಲ್ಲದಿದ್ದರೆ ತೆರೆ ಉಳಿದೀತು, ಅದರ ಮುಂದೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವ ಸಭೆ ಉಳಿಯದು.