ರಂಗದ ಕರುಣೆಯೂ ಮನೆಯ ಕರುಣೆಯೂ

ನಾಟಕದಲ್ಲಿ ದ್ರೌಪದಿಗಾದ ಅವಮಾನವನ್ನು ಕಂಡು ಕಣ್ಣೀರಿಟ್ಟ ಗೃಹಸ್ಥನು ಅದೇ ರಾತ್ರಿ ಮನೆಗೆ ಬಂದು, ಬಾಗಿಲು ತೆಗೆಯುವುದು ತಡವಾಯಿತೆಂದು ಹೆಂಡತಿಯ ಮೇಲೆ ರೇಗುವುದುಂಟು. ಚಂದ್ರಮತಿಯ ದುಃಖಕ್ಕೆ ಸೆರಗಿನಿಂದ ಕಣ್ಣೊರಸಿಕೊಂಡ ಗೃಹಿಣಿಯು ಮರುದಿನ ಕೆಲಸದವಳ ಅರ್ಧ ದಿನದ ಕೂಲಿಯನ್ನು ಹಿಡಿದುಕೊಳ್ಳುವುದೂ ಉಂಟು. ಹಾಗಾದರೆ ರಾತ್ರಿ ಹರಿದ ಆ ಕಣ್ಣೀರು ಎಲ್ಲಿಗೆ ಹೋಯಿತು? ಕಲೆಯು ಮನುಷ್ಯನ ಮನಸ್ಸನ್ನು ಮೃದುಗೊಳಿಸುತ್ತದೆಂದು ಹಿರಿಯರು ಹೇಳುತ್ತ ಬಂದಿರುವರಷ್ಟೆ. ಆ ಮೃದುತ್ವವು ಬೆಳಗಿನ ತನಕವಾದರೂ ನಿಲ್ಲತಕ್ಕದ್ದೇ? ಇದನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಕಲೆಯನ್ನೇ ಬಾಳಾಗಿ ಮಾಡಿಕೊಂಡವರನ್ನು ಕೇಳುವುದು ಮೇಲೆಂದು ತೋರಿದುದರಿಂದ ನಾವು ಬಳ್ಳಾರಿಯ ಸೀಮೆಗೆ ಹೊರಟೆವು.

ಬಳ್ಳಾರಿಯನ್ನು ಆರಿಸಿಕೊಳ್ಳಲು ಕಾರಣವುಂಟು. 1953ನೆಯ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನಕ್ಕೆ ಸೇರುವವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದ ಈ ನಾಡಿನಲ್ಲಿ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಬೆಳೆದುವು. ನಗರದಲ್ಲಿ ನಾಟಕಸಭೆಗಳು, ಹಳ್ಳಿಗಳಲ್ಲಿ ಬಯಲಾಟ, ಬೀದಿಗಳಲ್ಲಿ ತೊಗಲುಗೊಂಬೆ, ಮನೆಬಾಗಿಲಿನಲ್ಲಿ ಬುರ್ರಕಥೆ ಮತ್ತು ಜೋಗತಿಯರ ಹಾಡು, ಹೀಗೆ ಕಲೆಯ ನಾನಾ ಬಗೆಗಳನ್ನು ಇಷ್ಟು ಹತ್ತಿರ ಹತ್ತಿರ ಕಾಣುವುದು ಸುಲಭವಲ್ಲ.

ನಾವು ಮೊದಲು ಹೋದುದು ಸಿರುಗುಪ್ಪಕ್ಕೆ. ಬಿಸಿಲಿಗೆ ಹೆಸರಾದ ಈ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಈ ಊರು ಮಾತ್ರ ಭತ್ತದ ಗದ್ದೆಗಳಿಂದ ಹಸುರಾಗಿದೆ. ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಇಲ್ಲಿನ ಹಳ್ಳಿಗಳಲ್ಲಿ ಅಟ್ಟ ಕಟ್ಟಿ ದೊಡ್ಡಾಟವನ್ನು ಆಡುವ ವಾಡಿಕೆಯುಂಟು. ಅಂತಹ ಒಂದು ಹಳ್ಳಿಯಲ್ಲಿ ಬಹುಕಾಲದಿಂದ ಆಟ ಕಲಿಸುತ್ತಿರುವ ವೃದ್ಧ ಮಾಸ್ತರರೊಬ್ಬರ ಮನೆಯ ಕಟ್ಟೆಯ ಮೇಲೆ ಕುಳಿತು ಮಾತನಾಡಿದೆವು.

ದೊಡ್ಡಾಟವನ್ನು ಕಂಡವರಿಗೆ ಸಾರಥಿಯ ಪರಿಚಯವಿದ್ದೇ ಇದೆ. ಯಾವ ಪಾತ್ರವು ರಂಗಕ್ಕೆ ಬಂದರೂ ಸಾರಥಿಯು ಅದನ್ನು ಎದುರುಗೊಂಡು, ಬಂದವರು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರವು ತನ್ನ ವೃತ್ತಾಂತವನ್ನು ತಾನೇ ಹೇಳಿಕೊಂಡ ಬಳಿಕವೇ ಕಥೆಯು ಮುಂದುವರಿಯುತ್ತದೆ. ಇದು ಸಭೆಗೆ ಪಾತ್ರದ ಗುರುತು ತಿಳಿಸುವ ಉಪಾಯವೆಂದಷ್ಟೇ ನಾವು ಎಣಿಸಿದ್ದೆವು. ಮಾಸ್ತರರು ಹಾಗೆ ಎಣಿಸಿರಲಿಲ್ಲ.

“ಸ್ವಾಮಿ, ರಾಮ ಬಂದರೂ ಸಾರಥಿ ಕೇಳುವುದು ಅದೇ ಮಾತು, ರಾವಣ ಬಂದರೂ ಅದೇ ಮಾತು. ರಾವಣ ಅಂತ ತಿಳಿದೂ ಅವನನ್ನು ಅಟ್ಟದಿಂದ ಇಳಿಸುವುದಿಲ್ಲ. ಮೊದಲು ಅವನ ಮಾತು ಅವನೇ ಹೇಳಬೇಕು, ನಾವು ಕೇಳಬೇಕು” ಎಂದರು.

ಪಾತ್ರವನ್ನು ಕಲಿಸುವ ಬಗೆ ಹೇಗೆಂದು ನಾವು ಕೇಳಿದುದಕ್ಕೆ ಅವರು ಒಂದು ಸಂಗತಿಯನ್ನು ತಿಳಿಸಿದರು. ಒಂದು ವರ್ಷ ಮಗನನ್ನು ಕಳೆದುಕೊಂಡ ತಾಯಿಯ ಪಾತ್ರವು ಒಬ್ಬ ತರುಣನ ಪಾಲಿಗೆ ಬಂದಿತು. ಅವನ ಕಂಠವು ಚೆನ್ನಾಗಿದ್ದಿತು. ಆದರೆ ಗೆಳೆಯರು ನಕ್ಕಾರೆಂಬ ನಾಚಿಕೆಯಿಂದ ಶೋಕದ ಮಾತನ್ನು ಕೂಗಿ ಮುಗಿಸಿಬಿಡುತ್ತಿದ್ದನು. ಮಾಸ್ತರರು ಅವನನ್ನು ಗದರಿಸಲಿಲ್ಲ. ಎಂಟು ದಿನ ತಾಲೀಮಿಗೆ ಬರುವುದು ಬೇಡ, ಮನೆಯಲ್ಲಿ ತಾಯಿಯ ಜೊತೆಗೆ ಕುಳಿತು ಅಕ್ಕಿ ಕೇರು, ನೀರು ತಾ, ಅವಳು ಏಳುವಾಗ ಕೈಯನ್ನು ಎಲ್ಲಿ ಊರುತ್ತಾಳೆ ನೋಡು ಎಂದು ಹೇಳಿ ಕಳುಹಿಸಿದರು. ಒಂಬತ್ತನೆಯ ದಿನ ಆ ಹುಡುಗನು ಬಂದು ಮೆಲ್ಲನೆಯ ದನಿಯಲ್ಲಿ ಮಾತು ಒಪ್ಪಿಸಿದಾಗ ಮದ್ದಳೆಯವನು ಕೈ ನಿಲ್ಲಿಸಿಬಿಟ್ಟನಂತೆ.

“ಆಟ ಚೆನ್ನಾಯಿತು, ಅದು ಹಾಗಿರಲಿ. ಅವನು ಇವತ್ತಿಗೂ ತಾಯಿಗೆ ನೀರು ಹೊರಗೊಡುವುದಿಲ್ಲ” ಎಂದು ಹೇಳಿ ಮಾಸ್ತರರು ನಕ್ಕರು.

ಪ್ರತಿಭೆಯೆಂಬುದನ್ನು ನಾವು ಸಾಮಾನ್ಯವಾಗಿ ಹುಟ್ಟಿನಿಂದ ಬಂದ ವರವೆಂದು ಭಾವಿಸುತ್ತೇವೆ. ಈ ವೃದ್ಧರ ಅನುಭವದಲ್ಲಾದರೋ ಅದು ಇನ್ನೊಬ್ಬರನ್ನು ಗಮನವಿಟ್ಟು ನೋಡುವ ಶ್ರಮ. ಕರುಣೆಯೂ ಬಹುಮಟ್ಟಿಗೆ ಅದೇ ಶ್ರಮವೇ. ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಹಾದಿಯಲ್ಲಿ ತೆಕ್ಕಲಕೋಟೆಯ ಬಂಡೆಗುಡ್ಡಗಳು ಕಾಣುತ್ತವೆ. ಅಲ್ಲಿ 1963-64ರಲ್ಲಿ ಡಾಕ್ಟರ್ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಯಿಸಿ ನವಶಿಲಾಯುಗದ ಜನರ ವಸತಿಯನ್ನು ಬೆಳಕಿಗೆ ತಂದರು. ಆ ಯುಗದ ಜನರು ಈ ಸೀಮೆಯ ಬಂಡೆಗಳ ಮೇಲೆ ದನಗಳ ರೂಪಗಳನ್ನು ಮೂಡಿಸಿದ್ದಾರೆ. ಅಕ್ಷರವಿಲ್ಲದ ಆ ಕಾಲದಲ್ಲಿಯೂ ಮನುಷ್ಯನು ತನ್ನೊಡನೆ ಬಾಳುವ ಜೀವವನ್ನು ಕಣ್ಣಿಟ್ಟು ನೋಡಿದ್ದನೆಂಬುದಕ್ಕೆ ಅವೇ ಸಾಕ್ಷಿ.

ಬಳ್ಳಾರಿಯಲ್ಲಿ ನಾಟಕದ ಮಾತೆತ್ತಿದರೆ ಮೊದಲು ಬರುವ ಹೆಸರು ರಾಘವರದು. 1880ರಲ್ಲಿ ಜನಿಸಿ 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವರು ಹಗಲು ವಕೀಲರು, ರಾತ್ರಿ ನಟರು. ಅವರ ಸೋದರಮಾವಂದಿರಾದ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಅದೇ ಊರಿನ ಕೋಲಾಚಲಂ ಶ್ರೀನಿವಾಸರಾಯರೂ ನಾಟಕಗಳನ್ನು ಬರೆದು, ಸಭೆಗಳನ್ನು ಕಟ್ಟಿ ಬಳ್ಳಾರಿಯ ರಂಗಕ್ಕೆ ತಳಹದಿ ಹಾಕಿದ್ದರು. ಪದ್ಯಗಳನ್ನು ಎಳೆದೆಳೆದು ಹಾಡಿ ಸಭೆಯನ್ನು ಮೆಚ್ಚಿಸುವುದೇ ನಟನೆಯೆನಿಸಿಕೊಂಡಿದ್ದ ಆ ದಿನಗಳಲ್ಲಿ ರಾಘವರು ಹಾಡನ್ನು ಹಿಂದಿಟ್ಟು ಭಾವವನ್ನು ಮುಂದಿಟ್ಟರು. ಕೋಲಾಚಲಂ ಅವರ ವಿಜಯನಗರದ ನಾಟಕದಲ್ಲಿ ಪಠಾಣನಾಗಿಯೂ ಷೇಕ್ಸ್‌ಪಿಯರನ ನಾಟಕದಲ್ಲಿ ಷೈಲಾಕನಾಗಿಯೂ ಅವರು ಅಭಿನಯಿಸಿದರು. ಜನರು ದ್ವೇಷಿಸುವ ಪಾತ್ರದ ಒಳಗೆ ಹೊಕ್ಕು, ಅವನೂ ಒಬ್ಬ ಮನುಷ್ಯನೆಂಬುದನ್ನು ತೋರಿಸುವ ಕೆಲಸವದು. 1927ರಲ್ಲಿ ಮಹಾತ್ಮ ಗಾಂಧಿಯವರು ಅವರ ‘ದೀನಬಂಧು ಕಬೀರ’ ನಾಟಕವನ್ನು ನೋಡಿ ಸಂತೋಷಪಟ್ಟರು. ಸಾರಥಿಯ ಪ್ರಶ್ನೆಯನ್ನು ರಾಘವರು ತಮ್ಮ ರೀತಿಯಲ್ಲಿ ಕೇಳಿದರೆಂದು ನಮಗೆ ತೋರುತ್ತದೆ.

ಅವರು ಹಿಡಿದ ಇನ್ನೊಂದು ಹಟವು ಗೃಹಸ್ಥರಿಗೆ ಹೆಚ್ಚು ಸಂಬಂಧಪಟ್ಟುದು. ಸ್ತ್ರೀಯರ ಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದೂ ಮರ್ಯಾದಸ್ಥ ಮನೆತನದವರು ರಂಗಕ್ಕೆ ಬರಬೇಕೆಂದೂ ರಾಘವರು ವಾದಿಸಿದರು. ಈ ಮಾತನ್ನು ಹೇಳುವುದು ಸುಲಭವಾಗಿರಲಿಲ್ಲ. ಏಕೆಂದರೆ ನಟಿಯ ಆಟಕ್ಕೆ ಕಾಸು ಕೊಡುತ್ತಿದ್ದ ಊರೇ ನಟಿಗೆ ಬಾಡಿಗೆಯ ಮನೆ ಕೊಡಲು ಹಿಂಜರಿಯುತ್ತಿತ್ತು. ನಗರದಲ್ಲಿ ನಾವು ಕಂಡ ಹಿರಿಯ ಅಭಿನೇತ್ರಿಯೊಬ್ಬರು, ಈಗ ಮೊಮ್ಮಕ್ಕಳಿರುವ ಗೃಹಿಣಿ, ತಮ್ಮ ತಾರುಣ್ಯದ ದಿನಗಳನ್ನು ನೆನೆದು ಹೀಗೆಂದರು: “ರಾತ್ರಿ ನನ್ನನ್ನು ಸೀತಮ್ಮ ಅಂತ ಕೈಮುಗಿದವರೇ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಸರಿಸಿಕೊಳ್ಳೋರು. ನನಗೆ ಕೋಪ ಬರಲಿಲ್ಲಪ್ಪ, ಆಶ್ಚರ್ಯ ಆಗ್ತಿತ್ತು.”

ಆ ಆಶ್ಚರ್ಯವನ್ನು ಸಹಿಸಿಕೊಂಡು ದುಡಿದವರಿಂದಲೇ ಬಳ್ಳಾರಿಯ ರಂಗಭೂಮಿಯು ಉಳಿಯಿತು. 2020ರಲ್ಲಿ ನಿಧನರಾದ ಸುಭದ್ರಮ್ಮ ಮನ್ಸೂರ್ ಅವರು ವೃತ್ತಿರಂಗದಲ್ಲಿ ಹಾಡಿಗೂ ಅಭಿನಯಕ್ಕೂ ಸಮಾನವಾಗಿ ಹೆಸರಾದರು. 2023ರಲ್ಲಿ ಅಗಲಿದ ಬೆಳಗಲ್ಲು ವೀರಣ್ಣನವರು ನಟರಾಗಿದ್ದು, ತೊಗಲುಗೊಂಬೆಯ ಆಟಕ್ಕೂ ಹೊಸ ಜೀವ ತುಂಬಿದರು. ಹದಮಾಡಿದ ತೊಗಲಿಗೆ ಬಣ್ಣ ಹಚ್ಚಿ, ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಈ ಗೊಂಬೆಗಳನ್ನು ಪೂರ್ವದಲ್ಲಿ ಕಿಳ್ಳೇಕ್ಯಾತರು ಊರೂರಿಗೆ ಹೊತ್ತು ತಿರುಗುತ್ತಿದ್ದರು. ಇಂದು ರಾಘವರ ಹೆಸರಿನ ಕಲಾಮಂದಿರವು ನಗರದಲ್ಲಿ ನಿಂತಿದೆ.

ಬಳ್ಳಾರಿಯಿಂದ ವಾಯವ್ಯಕ್ಕೆ ನಡೆದರೆ ಕುರುಗೋಡು. ಬಂಡೆಗಳ ಬೆಟ್ಟಗಳ ಮಧ್ಯದಲ್ಲಿ ಏಕಶಿಲೆಯ ದೊಡ್ಡಬಸವೇಶ್ವರನು ಕುಳಿತಿರುವ ಈ ಊರಿಗೆ ವರ್ಷಕ್ಕೊಮ್ಮೆ ತೇರಿನ ದಿನ ಸುತ್ತಲಿನ ಸೀಮೆಯೆಲ್ಲ ಬಂದು ಸೇರುತ್ತದೆ. ಇಲ್ಲಿಗೆ ಬಹು ದೂರವಲ್ಲದ ದರೋಜಿಯಲ್ಲಿ ಬುರ್ರಕಥೆಯ ಈರಮ್ಮನವರಿದ್ದರು. ಅವರಿಗೆ ಓದುಬರಹ ತಿಳಿದಿರಲಿಲ್ಲ. ಆದರೂ ಕುಮಾರರಾಮನ ಕಥೆಯೇ ಮೊದಲಾದ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಲ್ಲಿ ಹೊತ್ತು ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯನ್ನಿತ್ತು ಅವರನ್ನು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡರು. ಅಲೆಮಾರಿಗಳಾದ ಬುಡ್ಗ ಜಂಗಮರ ಕುಲದಲ್ಲಿ ಹುಟ್ಟಿದ ಅವರ ಹಿರಿಯರು ಮನೆಮನೆಯ ಬಾಗಿಲಿನಲ್ಲಿ ಹಾಡಿ, ಮೊರದಲ್ಲಿ ಬಂದ ಕಾಳನ್ನು ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಗ್ರಂಥಭಂಡಾರವೊಂದು ಹೊಸಲಿನ ಆಚೆಗೇ ನಿಂತು ಹಿಂತಿರುಗುತ್ತಿದೆಯೆಂಬುದು ಕಾಳು ನೀಡಿದವರಿಗೆ ಹೊಳೆಯಲಿಲ್ಲ.

ಕುರುಗೋಡಿನ ಸಮೀಪದ ಕಲ್ಲುಕಂಬವು ಮಂಜಮ್ಮ ಜೋಗತಿಯವರ ಹುಟ್ಟೂರು. ನಮ್ಮ ಪ್ರಯಾಣದ ಪ್ರಶ್ನೆಯು ಅತ್ಯಂತ ಕಠಿನವಾಗಿ ಎದುರು ನಿಂತುದು ಇಲ್ಲಿಯೇ. ಗಂಡುಮಗುವೆಂದು ಹೆಸರಿಡಿಸಿಕೊಂಡ ಈ ಕೂಸು ಬೆಳೆಯುತ್ತ ಬೆಳೆಯುತ್ತ ತನ್ನನ್ನು ಹೆಣ್ಣೆಂದು ಅರಿತಿತು. ಮನೆಯವರಿಗೆ ಇದು ಅರ್ಥವಾಗಲಿಲ್ಲ. ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದ ಮೇಲೆ ಮನೆಯೆಂಬುದು ದೂರವಾಯಿತು. ಬೇಡಿ ಉಂಡ ದಿನಗಳು ಬಂದುವು. ಬೇಸತ್ತು ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿದುದೂ ಉಂಟು. ಇವೆಲ್ಲವನ್ನೂ ಮಂಜಮ್ಮನವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಅವರನ್ನು ಉಳಿಸಿದುದು ಕಲೆ. ದಾವಣಗೆರೆಯ ಬಸ್ಸಿನ ನಿಲ್ದಾಣದಲ್ಲಿ ತಂದೆಯೊಬ್ಬನು ಹಾಡುತ್ತಿರಲು ಮಗನು ತಲೆಯ ಮೇಲೆ ಕೊಡವನ್ನಿಟ್ಟುಕೊಂಡು ಕುಣಿಯುತ್ತಿದ್ದುದನ್ನು ಅವರು ಕಂಡರು. ಅವರಲ್ಲಿಯೇ ಆ ಕುಣಿತವನ್ನು ಕಲಿತರು. ಅನಂತರ ಕಾಳವ್ವ ಜೋಗತಿಯವರ ಮೇಳವನ್ನು ಸೇರಿ, ಚೌಡಿಕೆಯ ನಾದಕ್ಕೆ ಎಲ್ಲಮ್ಮನ ಕಥೆಯನ್ನು ಹಾಡುತ್ತ ಆಡುತ್ತ ಊರೂರು ತಿರುಗಿದರು. ಗುರುವಿನ ಕಾಲಾನಂತರ ಮೇಳವನ್ನು ತಾವೇ ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿಯು ಅವರಿಗೆ ಬಂದಿತು. 2021ರ ನವೆಂಬರ್ ತಿಂಗಳಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವ ಮುನ್ನ ಅವರು ರಾಷ್ಟ್ರಪತಿಗಳಾಗಿದ್ದ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದುದನ್ನು ದೇಶವೆಲ್ಲ ನೋಡಿತು. ತನ್ನ ಮನೆಯಿಂದ ದೂರವಾದ ಜೀವವು ನಾಡಿನ ಹಿರಿಯನಿಗೆ ಕೆಟ್ಟ ಕಣ್ಣು ತಾಗದಿರಲೆಂದು ಹರಸಿತು. ಕರುಣೆಯೆಂದರೇನೆಂದು ನಮ್ಮನ್ನು ಯಾರಾದರೂ ಕೇಳಿದಲ್ಲಿ ಆ ಸೆರಗನ್ನು ತೋರಿಸಬಹುದು.

ಈ ಕಥೆಯನ್ನು ಕೇಳಿ ಸಂತೋಷಪಟ್ಟು ಎದ್ದುಹೋಗುವುದು ಸುಲಭ. ಆದರೆ ಸಿರುಗುಪ್ಪದ ಹಳ್ಳಿಯ ಆ ತರುಣನನ್ನು ಒಮ್ಮೆ ನೆನೆಯೋಣ. ಅಟ್ಟದ ಮೇಲೆ ಸೀರೆಯುಟ್ಟು ತಾಯಿಯಾದ ಹುಡುಗನಿಗೆ ಊರು ಚಪ್ಪಾಳೆ ತಟ್ಟಿತು. ಅಟ್ಟವಿಲ್ಲದೆಯೇ ಸೀರೆ ಬೇಕೆಂದ ಮಗುವಿಗೆ ಮನೆಯಲ್ಲಿ ಜಾಗ ಸಿಕ್ಕಲಿಲ್ಲ. ರಾತ್ರಿಯ ಸೀತೆಗೆ ಕೈಮುಗಿದು ಬೆಳಗಿನ ನಟಿಯಿಂದ ಕೊಡ ಸರಿಸಿಕೊಂಡವರ ಕಥೆಯೇ ಇಲ್ಲಿಯೂ ನಡೆಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹವರನ್ನು ತೃತೀಯ ಲಿಂಗವೆಂದು ಅಂಗೀಕರಿಸಿ ಅವರ ಹಕ್ಕುಗಳನ್ನು ಎತ್ತಿಹಿಡಿಯಿತು. ಆದರೆ ಊಟದ ಹೊತ್ತಿಗೆ ಪಂಕ್ತಿಯಲ್ಲಿ ಎಲೆ ಹಾಕುವುದು ನ್ಯಾಯಾಲಯದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಹಿಂತಿರುಗುವ ಮುನ್ನ ನಾವು ಮತ್ತೊಮ್ಮೆ ವೃದ್ಧ ಮಾಸ್ತರರ ಹಳ್ಳಿಗೆ ಹೋಗಿ, ಮೊದಲು ಬರೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅವರ ಮುಂದಿಟ್ಟೆವು. “ಮಾಸ್ತರರೇ, ಆಟ ನೋಡಿ ಅತ್ತವರ ಮನಸ್ಸು ಬೆಳಗಾಗುವುದರೊಳಗೆ ಮತ್ತೆ ಕಲ್ಲಾಗುವುದಲ್ಲ, ಹಾಗಾದರೆ ನೀವು ಪಟ್ಟ ಶ್ರಮಕ್ಕೆ ಫಲವೇನು?” ಎಂದು ಕೇಳಿದೆವು.

ಅವರು ತುಸು ಹೊತ್ತು ಸುಮ್ಮನಿದ್ದು, “ನಾವು ರಾತ್ರಿ ಬಿತ್ತಿ ಹೋಗುವವರು ಸ್ವಾಮಿ. ನೀರು ಕಟ್ಟುವುದು ಮನೆಯವರ ಕೆಲಸ. ನಾಲ್ಕು ಮನೆಯಲ್ಲಾದರೂ ಕಟ್ಟುತ್ತಾರೆ” ಎಂದರು. ಭತ್ತದ ಸೀಮೆಯವರ ಮಾತಿಗೆ ನಾವು ಎದುರು ಹೇಳಲಿಲ್ಲ.

ವಾಚಕ ಗೃಹಸ್ಥರೇ, ಗೃಹಿಣಿಯರೇ, ನೀರು ಕಟ್ಟುವ ಕೆಲಸವು ಬಹು ದೊಡ್ಡದೇನೂ ಅಲ್ಲ. ಮಗನೋ ಮಗಳೋ ನಮಗೆ ಒಗ್ಗದ ಮಾತನ್ನು ಆಡಿದಾಗ, ಬಾಗಿಲಿಗೆ ಬಂದವರ ವೇಷವು ನಮಗೆ ಹಿಡಿಸದಾಗ, ಕೆಲಸದವಳು ಎರಡು ದಿನ ಬಾರದೆ ಮೂರನೆಯ ದಿನ ತಲೆ ತಗ್ಗಿಸಿ ನಿಂತಾಗ, ತೀರ್ಪು ಹೇಳುವ ಮೊದಲು ಸಾರಥಿಯಂತೆ ವಿಚಾರಿಸುವುದು. ಅವರ ವೃತ್ತಾಂತವನ್ನು ಅವರ ಬಾಯಿಂದಲೇ ಪೂರ್ತಿ ಕೇಳುವುದು. ರಾವಣನಿಗೂ ಬಯಲಾಟದ ಅಟ್ಟದ ಮೇಲೆ ದೊರೆಯುವ ಈ ಅವಕಾಶವು ನಮ್ಮ ಮನೆಯವರಿಗೆ ನಮ್ಮ ಮನೆಯಲ್ಲಿ ದೊರೆಯಲಿ.