ನಿಮಿಷಕ್ಕೆ ನೂರು ಡಾಲರ್

ಅಮೆರಿಕದ ಎಕ್ಸಾನ್ ತೈಲ ಕಂಪನಿಯ ಚುಕ್ಕಾಣಿ ಲೀ ರೇಮಂಡ್ ಕೈಯಲ್ಲಿದ್ದದ್ದು 1993ರಿಂದ 2005ರವರೆಗೆ. ಸಂಬಳ, ಬೋನಸ್, ಷೇರು ಎಲ್ಲ ಕೂಡಿಸಿದರೆ ಆ ಹದಿಮೂರು ವರ್ಷಕ್ಕೆ ಅವರಿಗೆ ಸಂದದ್ದು 68.6 ಕೋಟಿ ಡಾಲರ್‌ಗೂ ಹೆಚ್ಚು ಎಂದು ನ್ಯೂಯಾರ್ಕ್ ಟೈಮ್ಸ್ 2006ರಲ್ಲಿ ಲೆಕ್ಕ ಕೊಟ್ಟಿತು. ದಿನಕ್ಕೆ 1,44,573 ಡಾಲರ್. ಭಾನುವಾರ, ರಜಾದಿನ, ಗೊರಕೆ ಹೊಡೆದ ರಾತ್ರಿ ಎಲ್ಲವೂ ಇದರಲ್ಲಿ ಸೇರಿವೆ. ಗಂಟೆಗೆ ಆರು ಸಾವಿರ, ನಿಮಿಷಕ್ಕೆ ನೂರು!

ಆಸಾಮಿ ಸಾಮಾನ್ಯನಲ್ಲ. ರಸಾಯನ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಮಾಡಿ 1963ರಲ್ಲಿ ಕಂಪನಿ ಸೇರಿದವರು, 1999ರಲ್ಲಿ ಮೊಬಿಲ್ ಕಂಪನಿಯನ್ನೇ ಒಳಗೆ ಹಾಕಿಕೊಂಡರು. 1997ರಲ್ಲಿ ಬೀಜಿಂಗ್‌ನ ತೈಲ ಸಮ್ಮೇಳನದಲ್ಲಿ ನಿಂತು, ಇಪ್ಪತ್ತು ವರ್ಷದ ಹಿಂದಿಗಿಂತ ಭೂಮಿ ಈಗ ತಂಪಾಗಿದೆ ಅಂದರು. ಸರಿಯಾಗಿ ಇಪ್ಪತ್ತು ವರ್ಷದ ಹಿಂದೆ, 1977ರಲ್ಲಿ, ಅವರದೇ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಇಂಗಾಲದ ಡೈಆಕ್ಸೈಡ್‌ನಿಂದ ಭೂಮಿ ಬಿಸಿಯಾಗುತ್ತದೆಂದು ಆಡಳಿತ ಮಂಡಳಿಯ ಹಿರಿಯರಿಗೆ ವಿವರಿಸಿ ಹೋಗಿದ್ದರು.

ನನ್ನನ್ನು ಕಾಡುವುದು ಮಾತ್ರ ಅಲಾಸ್ಕಾದ ಲೆಕ್ಕ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಪ್ರಿನ್ಸ್ ವಿಲಿಯಂ ಸೌಂಡ್ ಕೊಲ್ಲಿಗೆ ನಾಲ್ಕು ಕೋಟಿ ಲೀಟರ್ ಕಚ್ಚಾತೈಲ ಸುರಿಯಿತು. ಆಗ ರೇಮಂಡ್ ಕಂಪನಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದರು. ಕೂಲಿಯವರು ಬಿಸಿನೀರಿನ ಪೈಪು ಹಿಡಿದು ದಡದ ಕಲ್ಲುಗಳನ್ನು ತೊಳೆದರು; ಆ ಬಿಸಿಗೆ ಕಲ್ಲಿಗೆ ಅಂಟಿಕೊಂಡಿದ್ದ ಜೀವಗಳೂ ಬೆಂದವು. ಹನ್ನೆರಡು ವರ್ಷದ ಮೇಲೂ ಕಲ್ಲು ಸರಿಸಿ ಬಗೆದರೆ ತೈಲ ಜಿನುಗುತ್ತಿತ್ತು. ಕೊರ್ಡೋವಾ ಊರಿನ ಮೀನುಗಾರರ ಬಲೆಗೆ 1993ರಲ್ಲಿ ಹೆರಿಂಗ್ ಮೀನು ಸಿಗದಾಯಿತು.

ಮೀನುಗಾರರು ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ 1994ರಲ್ಲಿ ಜ್ಯೂರಿ ಕಂಪನಿಗೆ 500 ಕೋಟಿ ಡಾಲರ್ ದಂಡ ಹಾಕಿತು. ಕಂಪನಿ ಮೇಲ್ಮನವಿಯ ಮೇಲೆ ಮೇಲ್ಮನವಿ ಸಲ್ಲಿಸುತ್ತ ಹೋಯಿತು. 2005ರ ಕೊನೆಗೆ ರೇಮಂಡ್ ಸುಮಾರು 40 ಕೋಟಿ ಡಾಲರ್ ನಿವೃತ್ತಿ ಸವಲತ್ತಿನೊಂದಿಗೆ ಮನೆಗೆ ಹೋದರು, ಮೊಕದ್ದಮೆ ಮುಗಿದಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ದಂಡವನ್ನು 50.75 ಕೋಟಿಗೆ ಇಳಿಸಿತು, ಹತ್ತರಲ್ಲಿ ಒಂದು ಪಾಲಿಗೆ. ಹಕ್ಕುದಾರರು 32 ಸಾವಿರಕ್ಕೂ ಮೇಲೆ. ತಲೆಗೆ ಸರಾಸರಿ 15 ಸಾವಿರ ಡಾಲರ್.

ಹತ್ತೊಂಬತ್ತು ವರ್ಷ ಕಾದ ಮೀನುಗಾರನ ಪಾಲು ರೇಮಂಡ್ ದರದಲ್ಲಿ ಎರಡೂವರೆ ಗಂಟೆ. ಬಡ್ಡಿ ಆಮೇಲೆ ಸೇರಿತು ಎನ್ನಿ. ಆಗಲೂ ಐದು ಗಂಟೆಯ ಆಸುಪಾಸು. ಕಂಪನಿಗೆ? ತೀರ್ಪು ಬಂದ ವರ್ಷ ಅದರ ಲಾಭ 4,522 ಕೋಟಿ ಡಾಲರ್. ಇಡೀ ದಂಡದ ಅಸಲು ನಾಲ್ಕು ದಿನದ ಗಳಿಕೆಗಿಂತ ತುಸು ಹೆಚ್ಚು, ಅಷ್ಟೇ.